ಮಾರಮ್ಮನನ್ನು ಎಡಕ್ಕೆ ಸುತ್ತಿದ ದಿನ

ಗಾವಡಗೆರೆ ಏರಿ ಮಾರಮ್ಮನ ಒಕ್ಕಲಿನವರೆಲ್ಲರಿಗೂ ನಮಸ್ಕಾರ. ಆ ತಾಯಿ ನನ್ನ ವಿಮಾನವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು ಎಂದು ನಮ್ಮ ಪೂಜಾರಿ ಬಂದವರಿಗೆಲ್ಲ ಹೇಳುತ್ತಿದ್ದಾನೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವನು ಅವತ್ತು ಗುಡಿಯೊಳಗೆ ಕಾಯಿ ಒಡೆಯುತ್ತಿದ್ದ, ಮೇಲಿದ್ದವನು ನಾನು. ಎದುರಿನಿಂದ ಇನ್ನೊಂದು ವಿಮಾನ ನೆಟ್ಟಗೆ ನನ್ನ ಮೂತಿಗೇ ಬರುತ್ತಿತ್ತು. ಮುಂದಿನ ಸೀಟಿನಲ್ಲಿ ನನ್ನ ಹೆತ್ತವ್ವ ಕೂತಿದ್ದಳು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ನನ್ನ ಮಾನ ಹೋದರೆ ಹೋಗಲಿ.

ನಮ್ಮದು ಗಾಡಿ ಹೊಡೆಯುವ ಮನೆ. ಕೊಡಗಿನಿಂದ ಹುಣಸೂರಿಗೆ ಕಾಫಿ ಇಳಿಸುತ್ತಿದ್ದ ಅಪ್ಪನ ಪಕ್ಕ ಏಳನೇ ವರ್ಷಕ್ಕೇ ಗಾಡಿಯ ಮೂಕಿ ಮೇಲೆ ಕೂತವನು ನಾನು. ಅಪ್ಪ ಹೋದ ಮೇಲೆ ಎತ್ತು ಮಾರಿ ಲಾರಿ ತಂದೆ. ಲಾರಿ ಕೈ ಹತ್ತಿತು, ಆಮೇಲೆ ವಿಮಾನದ ಹುಚ್ಚು ತಲೆಗೆ ಹತ್ತಿತು. ಮದರಾಸಿನ ಕಡೆಯ ಒಂದು ಕ್ಲಬ್ಬಿನಲ್ಲಿ ಕಲಿತು, ಎರಡನೇ ಮಹಾಯುದ್ಧ ಶುರುವಾಗುವ ಮೊದಲಿನ ಮಾಘ ಮಾಸದಲ್ಲಿ ಲೈಸೆನ್ಸು ಹಿಡಿದುಕೊಂಡು ಊರಿಗೆ ಬಂದೆ. ಅಷ್ಟರಲ್ಲಿ ಅವ್ವ ಹರಕೆ ಹೊತ್ತಾಗಿತ್ತು.

"ನನ್ ಮಗ ಉಸಾರಾಗಿ ಕಲ್ತು ಬಂದ್ರೆ ಇಬ್ರೂ ಆ ಇಮಾನದಾಗೇ ನಿನ್ನ ಮೂರು ಸುತ್ತು ಬತ್ತೀವಿ ಕಣ್ ಮಾರವ್ವ ಅಂತ ಅಂದ್ಕಂಡಿವ್ನಿ" ಎಂದಳು.

"ನನ್ನ ಒಂದ್ ಮಾತು ಕೇಳ್ದ್ಯಾ? ಅದೇನು ಎತ್ತಿನ ಗಾಡಿನಾ, ಗುಡಿ ಸುತ್ತ ಓಡ್ಸಕ್ಕೆ?" ಎಂದು ಕೂಗಾಡಿದೆ.

"ಅರಕೆ ಒತ್ತೋಳು ನಾನು. ನಿನ್ನ ಯಾಕ್ಲಾ ಕೇಳ್ಬೇಕು?"

ಮೂರು ದಿನ ಅವ್ವ ಮುದ್ದೆ ಮುಟ್ಟಲಿಲ್ಲ. ನಾಲ್ಕನೇ ದಿನ ಹಲ್ಲು ಕಡಿದುಕೊಂಡು ಒಪ್ಪಿದೆ.

ಆ ವಾರ ಕ್ಲಬ್ಬಿನವರು ಮೈಸೂರಿನ ಹೊರಗಿನ ಬಯಲಿಗೆ ಎರಡು ವಿಮಾನ ತಂದಿದ್ದರು. ಎಡತೊರೆಯ ದೇವರಾಜ, ನನ್ನ ಜೊತೆಯಲ್ಲೇ ಕಲಿತವನು, ಅವನೂ ಬಂದಿದ್ದ. ನಾಳೆ ಅವ್ವನ ಹರಕೆ ತೀರಿಸುತ್ತೇನೆ ಎಂದು ಅವನ ಮುಂದೆ ಕೊಚ್ಚಿಕೊಂಡೆ. ಎಷ್ಟು ಹೊತ್ತಿಗೆ, ಎಷ್ಟು ಎತ್ತರದಲ್ಲಿ ಎಂದು ಹೇಳಲಿಲ್ಲ. ಆ ಮುಠ್ಠಾಳನೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವ್ವನ ಸೆರಗಿನ ಮೇಲೆ ಚರ್ಮದ ಟೋಪಿ ಕಟ್ಟಿ ಮುಂದೆ ಕೂರಿಸಿದೆ. ಓಡಿಸುವವನ ಸೀಟು ಹಿಂದೆ. ನಡುವೆ ಮಾತಾಡಲು ಒಂದು ರಬ್ಬರ್ ಕೊಳವೆ. ಗಾವಡಗೆರೆ ಕೆರೆ ಕಂಡಿತು.

ಗುಡಿ ಬಂತು. ನಾನು ಎಡಕ್ಕೆ ಸುತ್ತಲು ಶುರು ಮಾಡಿದೆ. ವಿಮಾನದ ಬಯಲಿನಲ್ಲಿ ಎಲ್ಲರೂ ಎಡಕ್ಕೇ ಸುತ್ತಿ ಇಳಿಯುವುದು, ಅಲ್ಲಿ ಅದೇ ರೂಢಿ. ಆದರೆ ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹರಕೆಯ ಮೇಲಿನ ಸಿಟ್ಟಿಗೆ ಬೇಕೆಂದೇ ಎಡಕ್ಕೆ ಹೊರಳಿಸಿದೆ. ಆಕಾಶದಲ್ಲಿ ಮುದುಕಿಗೆ ಎಡ ಬಲ ಏನು ತಿಳಿಯುತ್ತದೆ ಎಂದುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಕೆಳಗೆ ಕೆರೆ ಏರಿ ಮೇಲೆ ಜನ ಟವಲು ಬೀಸುತ್ತಿದ್ದರು. ಮೇಲೆ ಹೋದವನ ಕತ್ತು ಒಂದು ಕಡೆ ನಿಲ್ಲಬಾರದು, ಹಿಂದೆ ಮುಂದೆ ಮೇಲೆ ಕೆಳಗೆ ಹುಡುಕುತ್ತಲೇ ಇರಬೇಕು ಎಂದು ಕಲಿಸಿದ ಗುರು ಗಂಟಲು ಹರಿದುಕೊಂಡಿದ್ದರು. ನನಗೆ ಜನ ಟವಲು ಬೀಸುವುದನ್ನು ನೋಡುವ ಚಪಲ. ಕತ್ತೆತ್ತಿದಾಗ ಬಿಸಿಲಿನೊಳಗಿಂದ ದೇವರಾಜನ ವಿಮಾನ, ನನ್ನಷ್ಟೇ ಎತ್ತರದಲ್ಲಿ, ನನ್ನ ಎದುರಿಗೇ.

ಎದುರೆದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಇದು ಗಾಳಿಯ ಕಾನೂನು, ಪರೀಕ್ಷೆಯಲ್ಲಿ ಗಿಣಿಯ ಹಾಗೆ ಒಪ್ಪಿಸಿದ್ದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ನೋಡಿ. ಘಾಟಿ ರಸ್ತೆಯಲ್ಲಿ ಎದುರು ಗಾಡಿ ಬಂದಾಗಲೆಲ್ಲ ಎಡಕ್ಕೆ ಹೊಡೆದ ಕೈ ಇದು. ಎಡಕ್ಕೇ ಹೊರಟಿತು. ದೇವರಾಜ ಕಾನೂನಿನಂತೆ ತನ್ನ ಬಲಕ್ಕೆ ವಾಲಿದ. ಇಬ್ಬರೂ ಒಂದೇ ಕಡೆಗೆ ನುಗ್ಗಿದ್ದೆವು.

"ಮಾರವ್ವಾ, ನನ್ನ ಬೇಕಾದ್ರೆ ತಿನ್ಕೋ, ಮುಂದೆ ಕೂತಿರೋಳ್ನ ಬುಡು!" ಎಂದು ಕಿರುಚಿದೆ. ಅದೊಂದೇ ಪ್ರಾರ್ಥನೆ ನಾನು ಆ ವರ್ಷ ಮಾಡಿದ್ದು.

ಕೊಳವೆಯಲ್ಲಿ ಅವ್ವನ ಗಂಟಲು ಸಿಡಿಯಿತು. "ಲೋ ಮುಂಡೇದೇ! ಅಮ್ಮನ್ನ ಎಡಕ್ಕೆ ಸುತ್ತಾಕ್ತಿದ್ದೀಯಲ್ಲೋ! ಬಲಕ್ಕೆ ತಿರುಗ್ಸ್ಲಾ, ಬಲಕ್ಕೆ!"

ಚಿಕ್ಕಂದಿನಿಂದ ಆ ಗಂಟಲಿಗೆ ಹೆದರಿದ ಕೈ. ವಿಮಾನ ತಿರುಗಿಸುವ ಕೋಲನ್ನು ಬಲಕ್ಕೆ ಪೂರ್ತಿ ತಳ್ಳಿತು. ದೇವರಾಜನ ಚಕ್ರಗಳು ನನ್ನ ಎಡರೆಕ್ಕೆಯ ಪಕ್ಕದಲ್ಲೇ ಹಾದುಹೋದವು. ಅವನ ತೆರೆದ ಬಾಯಿ ಕಂಡಿತು. ಅವನ ಗಾಳಿಗೆ ನಮ್ಮ ವಿಮಾನ ಗಡಗಡ ನಡುಗಿತು. ಸುತ್ತುವುದು ಬಿಟ್ಟು ನೆಟ್ಟಗೆ ಮೈಸೂರಿಗೆ ತಂದು ಇಳಿಸಿದೆ.

ಇಳಿದವನೇ ದೇವರಾಜನ ಕೊರಳಪಟ್ಟಿ ಹಿಡಿದೆ. "ನನ್ ದಾರಿಗೆ ಯಾಕ್ಲಾ ಬಂದೆ?"

"ನಿನ್ ದಾರಿನಾ?" ಅವನು ನನ್ನ ಎದೆಗೆ ಗುದ್ದಿದ. "ಅವ್ವನ ಅರಕೆ ನೋಡವಾ ಅಂತ ಬಂದೆ. ಗುಡಿ ಕಾಣ್ತು, ನಾನೂ ಬಲಕ್ಕೆ ಒಂದ್ ಸುತ್ತು ಆಕ್ತಿದ್ದೆ. ದೇವ್ರನ್ನ ಎಡಕ್ಕೆ ಯಾವನ್ಲಾ ಸುತ್ತಾನೆ? ನೀನು ಮನ್ಸನೇನ್ಲಾ?"

ನಾನೂ ಬಲಕ್ಕೆ ಸುತ್ತಿದ್ದರೆ ಒಬ್ಬರ ಹಿಂದೊಬ್ಬರು ಹೋಗುತ್ತಿದ್ದೆವು, ಅಷ್ಟೇ. ಕೊರಳಪಟ್ಟಿ ಬಿಟ್ಟೆ.

ಅವ್ವ ರೆಕ್ಕೆಯ ನೆರಳಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. "ಅವ್ವ, ಆ ಇಮಾನ ಬತ್ತಾ ಇದ್ದಿದ್ದು ನಿನಗೆ ಯಾವಾಗ ಕಾಣ್ತು?" ಎಂದು ಕೇಳಿದೆ.

"ಯಾವ್ ಇಮಾನ? ನೆಲ ಬುಟ್ಟಾಗಿಂದ ನಾನು ಕಣ್ಣೇ ತೆಗ್ದಿಲ್ಲ ಕಣೋ."

"ಮತ್ತೆ ಎಡಕ್ಕೆ ಸುತ್ತುತಾ ಇವ್ನಿ ಅಂತ ಎಂಗೆ ತಿಳೀತು?"

ಅವ್ವ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದಳು. "ಮದ್ವೆಯಾಗಿ ಬಂದಾಗಿಂದ ಸುತ್ತಿವ್ನಿ. ಕಣ್ ಮುಚ್ಕಂಡ್ರೆ ಅಮ್ಮ ಯಾವ್ ಕಡೀಕವ್ಳೆ ಅಂತ ತಿಳಿಯಾಕಿಲ್ವಾ? ನಡಿ, ಎಡಕ್ಕೆ ಸುತ್ತಿದ್ದು ಅರಕೆಗೆ ಸೇರಾಕಿಲ್ಲ."

ಮಾರನೆಯ ದಿನ ದೇವರಾಜನಿಗೆ ಹೊತ್ತು, ಎತ್ತರ ಎರಡನ್ನೂ ಹೇಳಿ, ಅವ್ವನನ್ನು ಕೂರಿಸಿಕೊಂಡು ಹೋಗಿ ಬಲಕ್ಕೆ ಮೂರು ಸುತ್ತು ಬಂದೆ. ನನ್ನ ಕತ್ತು ಒಂದು ಗಳಿಗೆಯೂ ನಿಲ್ಲಲಿಲ್ಲ.

ಮಾರಮ್ಮ ವಿಮಾನವನ್ನು ಹಿಡಿದು ನಿಲ್ಲಿಸಲಿಲ್ಲ, ಪೂಜಾರಿಗೆ ಯಾರಾದರೂ ಹೇಳಿ. ನಾನು ಕೂಗಿದೆ, ಅವಳು ನಮ್ಮವ್ವನ ಬಾಯಲ್ಲಿ ಬೈದಳು. ನನ್ನ ಸೊಕ್ಕಿಗೆ ಅವ್ವನ ಪ್ರಾಣ ಹೋಗಲು ಅವಳು ಬಿಡಲಿಲ್ಲ. ಅಂದಿನಿಂದ ಅವಳ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಇರುವುದು ನನಗೆ ನನ್ನ ಮೇಲೇ ಸಿಟ್ಟು, ಅದು ಇನ್ನೂ ಇಳಿದಿಲ್ಲ, ಮೇಲೆ ಹೋದಾಗ ನನ್ನ ಕತ್ತನ್ನು ನಿಲ್ಲದೆ ತಿರುಗಿಸುವುದೂ ಅದೇ. ಪ್ರತಿ ಶುಕ್ರವಾರ ಅವಳ ಮುಂದೆ ಕೈ ಮುಗಿದು ಬೇಡುವುದೂ ಅದನ್ನೇ: ತಾಯಿ, ನಾನು ಹಾರುವಷ್ಟು ದಿನ ಈ ಸಿಟ್ಟನ್ನು ಇಳಿಸಬೇಡ.