ಹೆಚ್ಚಿದೆ ಅಂದರೆ ಇಲ್ಲ

ಮೊನ್ನೆ ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಲು ಹೋದ ನಮ್ಮ ಪಲ್ಲವಿ ಕುಂಕುಮದ ಭರಣಿಯನ್ನು ತಲೆಕೆಳಗು ಮಾಡಿ, ಎರಡು ಸಲ ತಟ್ಟಿ, ಅಲ್ಲಿಂದಲೇ ಕೂಗಿದಳು: "ಅಜ್ಜೀ, ಕುಂಕುಮ ಖಾಲಿ!"

"ಖಾಲಿ ಅನ್ಬಾರ್ದು ಕಣೇ, ಹೆಚ್ಚಿದೆ ಅನ್ನು" ಎಂದು ನನ್ನ ಬಾಯಿ ತಾನಾಗಿಯೇ ಹೇಳಿತು.

"ಇಲ್ದೇ ಇರೋದು ಹೆಚ್ಚೋದು ಹೇಗಜ್ಜೀ?"

ಪ್ರಶ್ನೆ ನ್ಯಾಯವಾದದ್ದೇ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಇಂಥ ಮಾತು ಕೇಳಿರುತ್ತೀರಿ. ಬಳೆ ಒಡೆದರೆ ಹೆಚ್ಚಿತು ಅನ್ನಬೇಕು. ದೀಪವನ್ನು ಆರಿಸಕೂಡದು, ದೊಡ್ಡದು ಮಾಡಬೇಕು. ಹೊರಟವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ನಮ್ಮ ಜನ ಇಲ್ಲ ಎನ್ನುವ ಮಾತಿಗೆ ಎಷ್ಟು ಹೆದರುತ್ತಾರೆಂದರೆ, ಅದರ ಬದಲು ನೇರ ಎದುರಿನ ಮಾತನ್ನೇ ಹೇಳಿ ನೆಮ್ಮದಿಯಾಗಿರುತ್ತಾರೆ. ಕೇಳುವವರಿಗೆ ಬುದ್ಧಿ ಇದ್ದರೆ ತೊಂದರೆಯಿಲ್ಲ. ನನಗೆ ಒಂದು ಸಲ ಇರಲಿಲ್ಲ.

ಪಲ್ಲವಿ ನನ್ನ ತಮ್ಮನ ಮೊಮ್ಮಗಳು. ಡಾಕ್ಟರಿಕೆ ಮುಗಿಸಿದ್ದಾಳೆ. ಮೇಲಿನ ಓದಿಗೆ ಸೀಟು ಸಿಗದೆ ಎರಡು ವರ್ಷವಾಯಿತು. ನೆಲಮಂಗಲದ ಮನೆಯಲ್ಲಿ ಬಂದವರೆಲ್ಲ "ಏನಮ್ಮಾ, ಏನ್ ಮಾಡ್ತಿದೀಯ?" ಎಂದು ಕೇಳುವುದು ತಡೆಯಲಾರದೆ ದೇವನಹಳ್ಳಿಗೆ, ನನ್ನ ಹತ್ತಿರ ಓದಿಕೊಳ್ಳಲು ಬಂದಿದ್ದಾಳೆ. "ನಂಗೆ ಗ್ಯಾಪ್ ಆಗ್ಬಿಟ್ಟಿದೆ ಅಜ್ಜೀ" ಎನ್ನುತ್ತಾಳೆ, ಮುಂದಿನ ಹಲ್ಲು ಬಿದ್ದವರ ಮುಖ ಮಾಡಿಕೊಂಡು. ಎಂಬತ್ತು ದಾಟಿದ ನನಗೆ ನಿಜವಾಗಿಯೂ ಹಲ್ಲು ಬಿದ್ದಿದೆ. ಆದರೂ ಅವಳ ಗ್ಯಾಪಿನ ನೋವು ನನಗೆ ಗೊತ್ತು, ನನ್ನದು ಆರು ವರ್ಷದ್ದು.

ನಾನು ಹೊಸಕೋಟೆ ಕಡೆಯ ಒಕ್ಕಲುಮನೆಯ ಹುಡುಗಿ. ಹತ್ತನೇ ವಯಸ್ಸಿಗೇ ಬೆಂಗಳೂರಿನ ಸೋದರತ್ತೆಯ ಮನೆ ಸೇರಿ, ಅಲ್ಲಿಂದ ಹಾಸ್ಟೆಲು ಸೇರಿ, ಅರವತ್ತರ ದಶಕದ ಮೊದಲಲ್ಲಿ ಮೆಡಿಕಲ್ ಕಾಲೇಜಿನ ಕೊನೆಯ ಪರೀಕ್ಷೆಗೆ ಕೂತೆ. ನಮ್ಮೂರಲ್ಲಿ ಆಗಲೇ ನನ್ನನ್ನು ಡಾಕ್ಟ್ರಮ್ಮ ಎಂದು ಕರೆಯಲು ಶುರುಮಾಡಿದ್ದರು. ನಾನು ನಪಾಸಾದೆ. ಯಾವುದರಲ್ಲಿ ಅಂತೀರಿ, ಹೆರಿಗೆ ಶಾಸ್ತ್ರದಲ್ಲಿ. ಆರು ತಿಂಗಳ ಮೇಲೆ ಮತ್ತೆ ಕೂತು ಮತ್ತೆ ನಪಾಸಾದೆ. ನಮ್ಮ ದೊಡ್ಡಮ್ಮ ಹನ್ನೊಂದು ಹೆತ್ತವಳು, "ಅದ್ರಲ್ಲಿ ಓದೋದೇನೈತೆ?" ಎಂದು ನಿಜವಾಗಿ ಅರ್ಥವಾಗದೆ ಕೇಳಿದಳು. ಮೂರನೆಯ ಸಲ ಪಾಸಾಗಿ, ಹೌಸ್ ಸರ್ಜನ್ ಕೆಲಸ ಮುಗಿಸಿದೆ. ಹಟಕ್ಕೆ ಬಿದ್ದು ಅದೇ ಶಾಸ್ತ್ರದಲ್ಲಿ ಎಂ.ಡಿ.ಗೆ ಅರ್ಜಿ ಹಾಕಿದೆ. ತಿರಸ್ಕಾರವಾಯಿತು. ಅದೇ ತಿಂಗಳು ಅಪ್ಪನಿಗೆ ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಅಮ್ಮ ಮೊದಲೇ ತೀರಿಕೊಂಡಿದ್ದಳು. ನಾನು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದೆ.

ಎಲ್ಲರೂ ನನ್ನ ತ್ಯಾಗವನ್ನು ಹೊಗಳಿದರು. ನಿಮಗೆ ನಿಜ ಹೇಳುತ್ತೇನೆ, ಆ ತ್ಯಾಗದಲ್ಲಿ ಅರ್ಧ ಅವಮಾನವಿತ್ತು. ಅಪ್ಪ ಮಲಗದಿದ್ದರೆ ನಾನು ಬೇರೆ ನೆಪ ಹುಡುಕಬೇಕಾಗುತ್ತಿತ್ತು. ಮೂರು ವರ್ಷ ಅವರನ್ನು ನೋಡಿಕೊಂಡೆ. ಅವರು ಹೋದ ಮೇಲೆ, ನಲ್ಲೂರಿನ ಹುಣಸೆತೋಪು ದಾಟಿ ಇನ್ನೂ ಸ್ವಲ್ಪ ದೂರದ ಒಂದು ಹಳ್ಳಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು.

ಆಸ್ಪತ್ರೆ ಎಂದರೆ ಹೆಂಚಿನ ಮನೆ. ಮುಂದಿನ ಜಗಲಿಯಲ್ಲಿ ರೋಗಿಗಳು, ನಡುಮನೆಯಲ್ಲಿ ನಾನು, ಹಿಂದಿನ ಕೋಣೆಯಲ್ಲಿ ಹೆರಿಗೆ. ಕಾಂಪೌಂಡರ್ ಸಿದ್ದಲಿಂಗಯ್ಯನವರು ಮದ್ದಿನ ನೀರು ಕಲಸುತ್ತಿದ್ದರು. ಹೆರಿಗೆ ಕೋಣೆಯ ಆಯಾ ಮುನಿಯಮ್ಮ. ಐವತ್ತರ ಹೆಂಗಸು, ಓದು ಬಾರದು. ಕೈ ಮಾತ್ರ ಹೊಟ್ಟೆಯ ಮೇಲಿಟ್ಟರೆ ಒಳಗಿನ ಮಗು ಯಾವ ಕಡೆ ಮುಖ ಮಾಡಿದೆ ಎಂದು ಹೇಳುತ್ತಿತ್ತು. ನಾನು ಪುಸ್ತಕ ಓದಿದವಳು, ಅವಳು ಹೇಳಿದ ಮೇಲೆ ಮತ್ತೊಂದು ಸಲ ಮುಟ್ಟಿ, ಗಂಭೀರವಾಗಿ ತಲೆಯಾಡಿಸುತ್ತಿದ್ದೆ.

ಹೆರಿಗೆ ಕೋಣೆಯಲ್ಲಿ ಮುನಿಯಮ್ಮನ ಕಾನೂನೇ ಬೇರೆ. ದಿನ ತುಂಬಿದ ಹೆಂಗಸಿನ ಎದುರಿಗೆ ಇಲ್ಲ, ಮುಗೀತು, ಖಾಲಿ, ಇಂಥ ಒಂದು ಮಾತೂ ಬರಕೂಡದು. ಬಿಸಿನೀರು ಮುಗಿದರೆ "ನೀರು ಹೆಚ್ಚೈತೆ" ಎನ್ನುತ್ತಿದ್ದಳು. ಹತ್ತಿ ಮುಗಿದರೆ ಹತ್ತಿ ಹೆಚ್ಚೈತೆ. ನಮ್ಮ ಮನೆಯಲ್ಲಿ ಕುಂಕುಮಕ್ಕೆ, ಬಳೆಗೆ ಈ ಮಾತು ಕೇಳಿದ್ದೆ. ಆಸ್ಪತ್ರೆಯ ಸಾಮಾನಿಗೂ ಸಲ್ಲುತ್ತದೆಂದು ನನಗೇನು ಗೊತ್ತು? ನಾನು ಸೇರಿ ಇನ್ನೂ ಹದಿನೈದು ದಿನವಾಗಿತ್ತು.

ಆ ದಿನ ಮೇಲಿನ ಕಚೇರಿಗೆ ಮದ್ದಿನ ಪಟ್ಟಿ ಕಳಿಸಬೇಕಿತ್ತು. ಹೆರಿಗೆಯಾದ ಮೇಲೆ ರಕ್ತ ನಿಲ್ಲಲು ಕೊಡುವ ಚುಚ್ಚುಮದ್ದೊಂದಿದೆ. ಕುರ್ಚಿಯಲ್ಲಿ ಕೂತೇ ಕೂಗಿ ಕೇಳಿದೆ: "ಮುನಿಯಮ್ಮಾ, ರಕ್ತ ನಿಲ್ಲೋ ಸೂಜಿಮದ್ದು ಎಷ್ಟಿದೆ?"

ಒಳಗೆ ಒಬ್ಬ ಬಸುರಿ ನರಳುತ್ತಿದ್ದಳು. "ಹೆಚ್ಚೈತೆ ಅಮ್ಮಾರೇ" ಎಂದು ಉತ್ತರ ಬಂತು.

ಬೀರು ನನ್ನಿಂದ ಹತ್ತು ಹೆಜ್ಜೆ. ನಾನು ಏಳಲಿಲ್ಲ. ಆ ಮದ್ದಿನ ಮುಂದೆ 'ಸಾಕಷ್ಟಿದೆ, ಬೇಡ' ಎಂದು ಇಂಗ್ಲಿಷಿನಲ್ಲಿ ದುಂಡಗೆ ಬರೆದು ರುಜು ಹಾಕಿದೆ. ಆ ಬಸುರಿಗೆ ಸುಖವಾಗಿ ಹೆರಿಗೆಯಾಯಿತು.

ವಾರದ ಮೇಲೆ, ಮಧ್ಯಾಹ್ನ, ಸೊಪ್ಪು ಮಾರುವವನ ಹೆಂಡತಿಗೆ ನಾಲ್ಕನೆಯ ಹೆರಿಗೆ. ಮಗು ಬಂತು, ಮಾಸೂ ಬಿತ್ತು, ರಕ್ತ ಮಾತ್ರ ನಿಲ್ಲಲಿಲ್ಲ. ಮದ್ದು ಎಂದು ಕೈ ಚಾಚಿದೆ. ಮುನಿಯಮ್ಮ ನನ್ನ ಮುಖ ನೋಡಿದಳು. "ಹೆಚ್ಚೈತೆ ಅಂದಿದ್ನಲ್ಲಮ್ಮಾರೇ" ಎಂದಳು ಮೆಲ್ಲಗೆ. ಆಗ ನನಗೆ ಅರ್ಥವಾಯಿತು. ಸಿದ್ದಲಿಂಗಯ್ಯನವರು ಸೈಕಲ್ ಹತ್ತಿ ದೇವನಹಳ್ಳಿಗೆ ಹೊರಟರು. ಅವರು ಹೋಗಿ ಬರುವವರೆಗೆ ಆ ಜೀವ ಉಳಿಯಬೇಕಲ್ಲ.

ನಾನು ನಿಂತೇ ಇದ್ದೆ. ಪುಸ್ತಕದಲ್ಲಿ ಓದಿದ್ದೆಲ್ಲ ಇತ್ತು, ಕೈಗೆ ಬರಲಿಲ್ಲ. ಮುನಿಯಮ್ಮ ಅಂಗೈಯನ್ನು ಆ ಹೆಂಗಸಿನ ಹೊಟ್ಟೆಗೆ ಒತ್ತಿ, ಹಿಟ್ಟು ನಾದುವ ಹಾಗೆ ನಾದತೊಡಗಿದಳು. "ಮಗೀನ ಎದೆಗಾಕಿ ಅಮ್ಮಾರೇ, ನಿಂತ್ಕೋಬ್ಯಾಡಿ! ಕಾಲ್ ಕೆಳೀಕೆ ಇಟ್ಟಿಗೆ ಕೊಡಿ!" ಎಂದು ಗದರಿದಳು. ಮಂಚದ ಕಾಲುದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದೆ. ಮಗುವನ್ನು ಮೊಲೆಗೆ ಹಿಡಿದೆ. ಸ್ವಲ್ಪ ಹೊತ್ತಿಗೆ ಅವಳು ನನ್ನ ಕೈ ಎಳೆದು ತನ್ನ ಕೈಯ ಜಾಗದಲ್ಲಿ ಇಟ್ಟಳು. ಅಂಗೈ ಕೆಳಗೆ ಗರ್ಭಕೋಶ ಕಾಯಿಯಂತೆ ಗಟ್ಟಿಯಾಗುವುದನ್ನು ನಾನು ಅವತ್ತು ಮೊದಲ ಸಲ ತಿಳಿದುಕೊಂಡೆ. ಎರಡು ಸಲ ನಪಾಸಾದ ಶಾಸ್ತ್ರ ಅದು. ಸಿದ್ದಲಿಂಗಯ್ಯನವರು ಮದ್ದು ತರುವಷ್ಟರಲ್ಲಿ ರಕ್ತ ನಿಂತಿತ್ತು. ತಾಯಿ ಉಳಿದಳು.

ಆದರೆ ಸೊಪ್ಪಿನವನು ಸುಮ್ಮನಿರಲಿಲ್ಲ, ದೂರು ಕೊಟ್ಟ. ಕೊಟ್ಟದ್ದು ಸರಿಯೇ. ಮೇಲಿನಿಂದ ಅಧಿಕಾರಿಯೊಬ್ಬರು ಬಂದು, ಮದ್ದು ಯಾಕೆ ತರಿಸಲಿಲ್ಲ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮುನಿಯಮ್ಮ ಮುಂದೆ ಬಂದಳು.

"ನಾನು ಹೆಚ್ಚೈತೆ ಅಂದ್ಬುಟ್ಟೆ ಸ್ವಾಮೀ. ಸರ್ಯಾಗಿ ಹೇಳ್ಲಿಲ್ಲ. ತಪ್ಪು ನಂದೇಯ."

ಅಧಿಕಾರಿ ನನ್ನ ಕಡೆ ನೋಡಿದರು. ಬೀರು ತೆರೆದು ನೋಡಬೇಕಾದವಳು ನಾನು, ರುಜು ಹಾಕಿದವಳು ನಾನು. ಹೇಳಿದ್ದರೆ ಕೆಲಸ ಹೋಗುತ್ತಿತ್ತು, ಎಂ.ಡಿ.ಯ ಆಸೆಯೂ ಹೋಗುತ್ತಿತ್ತು. ನಾನು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತಿರುಗಿಸುತ್ತ ಸುಮ್ಮನೆ ಕೂತಿದ್ದೆ. ಆರು ತಿಂಗಳು ಮುನಿಯಮ್ಮ ಹೆರಿಗೆ ಕೋಣೆಗೆ ಕಾಲಿಡಕೂಡದು, ಅಂಗಳ ಗುಡಿಸಿಕೊಂಡಿರಬೇಕು ಎಂದು ಆದೇಶವಾಯಿತು. ಆರು ತಿಂಗಳೂ ಅವಳು ಗುಡಿಸಿದಳು. ಒಳಗಿನಿಂದ ನರಳಾಟ ಕೇಳಿದರೆ ಪೊರಕೆ ಹಿಡಿದು ಕಿಟಕಿಯ ಹೊರಗೆ ನಿಲ್ಲುತ್ತಿದ್ದಳು. ನಾನು ಕಿಟಕಿಯ ಹತ್ತಿರ ಹೋಗಿ ಏನು ಮಾಡಬೇಕೆಂದು ಗುಟ್ಟಾಗಿ ಕೇಳಿಕೊಂಡು ಬರುತ್ತಿದ್ದೆ. ತಪ್ಪು ಯಾರದೆಂಬ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಮತ್ತೆ ಒಳಗೆ ಬಂದ ಮೇಲೂ ಎತ್ತಲಿಲ್ಲ.

ಹೀಗೆ ಮೂರು ವರ್ಷ ಕಳೆಯಿತು. ಎಂ.ಡಿ.ಗೆ ವಯಸ್ಸಿನ ಮಿತಿಯಿತ್ತು. ಆ ವರ್ಷ ಅರ್ಜಿ ಹಾಕದಿದ್ದರೆ ಜನ್ಮಕ್ಕೂ ಇಲ್ಲ. ಒಂದು ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಅರ್ಜಿ ಹರಡಿಕೊಂಡು ಕೂತೆ. ಎಷ್ಟು ಪ್ರಯತ್ನದಲ್ಲಿ ತೇರ್ಗಡೆ? ಮೂರು. ನಡುವೆ ಬಿಟ್ಟುಹೋದ ವರ್ಷಗಳಿದ್ದರೆ ಆಗ ಮಾಡಿದ್ದೇನು? ಅಲ್ಲಿ ಏನೂ ಬರೆಯದೆ ಮುಂದಕ್ಕೆ ಹೋದೆ.

ನೆಲ ಒರೆಸುತ್ತಿದ್ದ ಮುನಿಯಮ್ಮ ಬಗ್ಗಿ ನೋಡಿ, "ಆ ಒಂದು ಮನೆ ಯಾಕಮ್ಮಾರೇ ಬುಟ್ಬುಟ್ರಿ?" ಎಂದಳು. ಅವಳಿಗೆ ಅರ್ಜಿಯ ಕಾಲಮ್ಮೂ ಒಂದೇ, ಅಳಗುಳಿಮಣೆಯ ಮನೆಯೂ ಒಂದೇ.

"ಆ ಮೂರು ವರ್ಷ ನಾನೇನೂ ಮಾಡ್ಲಿಲ್ಲ ಮುನಿಯಮ್ಮ. ಖಾಲಿ."

"ಬಿಡ್ತು ಅನ್ನಿ! ಖಾಲಿಯಂತೆ! ಅಪ್ಪಾರು ಮಲಗಿದ್ರು, ಮೂರು ವರ್ಸ ಬೆನ್ನಾಗೆ ಒಂದ್ ಹುಣ್ಣಾಗ್ದಂಗೆ ನೋಡ್ಕಂಡೆ ಅಂದಿದ್ರಿ. ಅದು ಬರೀರಿ."

"ಅದನ್ನೆಲ್ಲಾ ಬರೀತಾರಾ?"

"ಮತ್ತಿನ್ನೇನು ಬರೀತಾರೆ?" ಎಂದು ಅವಳು ಬಟ್ಟೆ ಹಿಂಡಿಕೊಂಡು ಹೋದಳು. ನಾನು ನಾಚಿಕೊಂಡೇ ಬರೆದೆ: ಪಾರ್ಶ್ವವಾಯುವಾದ ತಂದೆಯ ಶುಶ್ರೂಷೆ, ಮೂರು ವರ್ಷ, ಬೆನ್ನುಹುಣ್ಣು ಆಗಲಿಲ್ಲ.

ಸಂದರ್ಶನದ ದಿನ ಬೆಂಗಳೂರಿನ ಬಸ್ಸಿನಲ್ಲಿ ಸೀರೆಯ ನೆರಿಗೆ ಮುದುರದಂತೆ ನಿಂತೇ ಹೋದೆ. ಮೇಜಿನ ಆಚೆ ಮೂವರು. ನಡುವೆ ಬಿಳಿ ಕೂದಲಿನ ಪ್ರೊಫೆಸರಮ್ಮ. ಮಾತೆಲ್ಲ ಇಂಗ್ಲಿಷಿನಲ್ಲಿ.

"ನೀವು ನಪಾಸಾದದ್ದೇ ಈ ವಿಷಯದಲ್ಲಿ. ಈಗ ಇದೇ ಬೇಕೆ?" ಎಂದರು ಬಲಗಡೆಯವರು. ಇದಕ್ಕೆ ಉತ್ತರ ಬಾಯಿಪಾಠ ಮಾಡಿದ್ದೆ, ಒಪ್ಪಿಸಿದೆ. ಅವರಿಗೆ ಆಕಳಿಕೆ ಬಂತು. ಪ್ರೊಫೆಸರಮ್ಮ ಅರ್ಜಿ ತಿರುವುತ್ತಿದ್ದವರು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಮೂರು ವರ್ಷ. ಒಂದೂ ಹುಣ್ಣಾಗಲಿಲ್ಲವೇ?"

"ಇಲ್ಲ ಮೇಡಂ."

"ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಾಯಿಸುತ್ತಿದ್ದಿರಿ?"

"ಎರಡು ಗಂಟೆಗೊಮ್ಮೆ."

ಅವರು ಕನ್ನಡಕ ತೆಗೆದರು. "ನೀವು ಮಾಡಿದ ಅತಿ ದೊಡ್ಡ ತಪ್ಪು ಹೇಳಿ" ಎಂದರು. ಇದಕ್ಕೂ ಉತ್ತರ ತಯಾರಿತ್ತು. ಯಾರಿಗೂ ನೋಯದ ಒಂದು ಸಣ್ಣ ತಪ್ಪನ್ನು ಆರಿಸಿಟ್ಟುಕೊಂಡಿದ್ದೆ. ಆದರೆ ಮುನಿಯಮ್ಮ ಬರೆಸಿದ ಸಾಲು ಅವರ ಬೆರಳಿನ ಕೆಳಗಿತ್ತು. ಅದನ್ನು ನೋಡುತ್ತ ನಾನು ಹೆಚ್ಚಿದೆಯ ಕತೆ ಹೇಳಿಬಿಟ್ಟೆ. ಬಲಗಡೆಯವರು ಕನ್ನಡದವರಲ್ಲ. "ಇಲ್ಲದ್ದನ್ನು ಹೆಚ್ಚಿದೆ ಎನ್ನುತ್ತಾರೆಯೇ?" ಎಂದು ಬೆರಗಾದರು. "ನಮ್ಮಲ್ಲಿ ಹಾಗೆಯೇ" ಎಂದ ಪ್ರೊಫೆಸರಮ್ಮ ನನ್ನ ಕಡೆ ತಿರುಗಿದರು.

"ತಪ್ಪು ಯಾರದೆಂದು ತೀರ್ಮಾನವಾಯಿತು?"

"ಆಯಾಳದು ಎಂದು."

"ನಿಜವಾಗಿ?"

"ನನ್ನದು. ನಾನು ಎದ್ದು ಬೀರು ನೋಡಲಿಲ್ಲ. ವಿಚಾರಣೆಯಲ್ಲೂ ಬಾಯಿ ಬಿಡಲಿಲ್ಲ."

ಪ್ರೊಫೆಸರಮ್ಮ ಕನ್ನಡಕ ಹಾಕಿಕೊಂಡರು. ಹೋಗಬಹುದು ಎಂದರು. ಸೀಟು ಹೋಯಿತೆಂದುಕೊಂಡೇ ಬಸ್ಸು ಹತ್ತಿದೆ. ತಿಂಗಳ ಮೇಲೆ ಪಟ್ಟಿ ಬಂತು. ನನ್ನ ಹೆಸರು ಕಟ್ಟಕಡೆಯಲ್ಲಿತ್ತು, ಆದರೆ ಇತ್ತು.

ಹೊರಡುವ ದಿನ ಮುನಿಯಮ್ಮನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಅಷ್ಟು ದೊಡ್ಡ ಜನರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡೆ, ಸೀಟು ಹೋದರೂ ಹೋಗಲಿ ಎಂದು ಹೇಳಿಬಿಟ್ಟೆ ಎಂದು, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವಳು ಖುಷಿಪಡುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

ಮುನಿಯಮ್ಮ ಪೊರಕೆಯ ಕಡ್ಡಿಗಳನ್ನು ಅಂಗೈಗೆ ಕುಟ್ಟಿ ಸಮ ಮಾಡಿಕೊಂಡಳು. ಆಮೇಲೆ ಕೇಳಿದಳು:

"ಆ ಮಾತು ಹೇಳಾಕೆ ಬೆಂಗ್ಳೂರಿಗಂಟ ಹೋಗ್ಬೇಕಾಗಿತ್ತಾ ಅಮ್ಮಾರೇ? ನಾನಿಲ್ಲೇ ಇದ್ನಲ್ಲ."

ಕೋಪವಿರಲಿಲ್ಲ ಆ ದನಿಯಲ್ಲಿ, ಅದೇ ಕಷ್ಟ. ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆಯುತ್ತಿದ್ದೆ. ತಪ್ಪಾಯಿತು ಮುನಿಯಮ್ಮ ಎಂದೆ, ಮೂರು ವರ್ಷ ತಡವಾಗಿ. ಅವಳು ನನ್ನ ಹಣೆಗೆ ಕುಂಕುಮವಿಟ್ಟು, "ಹೋಗ್ತೀನಿ ಅನ್ಬ್ಯಾಡಿ" ಎಂದಳು. ಬರ್ತೀನಿ ಎಂದು ಹೇಳಿ ಬಸ್ಸು ಹತ್ತಿದೆ.

ಇದನ್ನೆಲ್ಲ ಮೊನ್ನೆ ಪಲ್ಲವಿಗೆ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಯಿತು. ಎಂ.ಡಿ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳಿದ ಇಷ್ಟು ವರ್ಷ ಈ ಕತೆಯನ್ನು ನನ್ನ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇನೋ! ಎದ್ದು ಹೋಗಿ ಬೀರು ನೋಡಿ ಎಂಬುದು ಅದರ ನೀತಿ. ಮುನಿಯಮ್ಮನ ಕೊನೆಯ ಮಾತನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಅದನ್ನು ಬಿಟ್ಟರೆ ಕತೆಯಲ್ಲಿ ನಾನು ಚೆನ್ನಾಗಿ ಕಾಣುತ್ತೇನೆ. ಮೊನ್ನೆ ಬಿಡಲಾಗಲಿಲ್ಲ.

ಪಲ್ಲವಿ ಲೋಟ ತಿರುಗಿಸುತ್ತ ಕೂತಿದ್ದಳು. ನನಗೆ ಆ ಪೆನ್ನಿನ ಮುಚ್ಚಳ ನೆನಪಾಯಿತು. ಆಮೇಲೆ ಎಂದಳು, "ಅಜ್ಜೀ, ಹೋದ್ಸಲ ನಾನು ಪರೀಕ್ಷೆಗೇ ಹೋಗ್ಲಿಲ್ಲ. ಬಾಗಿಲವರೆಗೂ ಹೋಗಿ ವಾಪಸ್ ಬಂದ್ಬಿಟ್ಟೆ. ಅಪ್ಪಂಗೆ ಮಾರ್ಕ್ಸ್ ಬರ್ಲಿಲ್ಲ ಅಂತ ಹೇಳಿದೀನಿ."

ನಾನು ಬುದ್ಧಿ ಹೇಳಲಿಲ್ಲ. ಫೋನನ್ನು ಅವಳ ಕಡೆ ಸರಿಸಿದೆ. ಅವಳು ಅದನ್ನು ಮುಟ್ಟದೆ ಎದ್ದು, ಚಪ್ಪಲಿ ಹುಡುಕತೊಡಗಿದಳು.

"ಫೋನಲ್ಲಿ ಬೇಡ ಅಜ್ಜೀ. ನೆಲಮಂಗಲಕ್ಕೇ ಹೋಗ್ತೀನಿ. ಅಪ್ಪ ಮನೇಲೇ ಇದ್ದಾರಲ್ಲ."

"ಹೋಗ್ತೀನಿ ಅನ್ಬಾರ್ದು" ಎಂದೆ.

"ಬರ್ತೀನಿ" ಎಂದಳು. "ಬರ್ತಾ ಕುಂಕುಮ ತರ್ತೀನಿ. ಹೆಚ್ಚಿದೆಯಲ್ಲ."