ಮಾಳಾ ಗೆದ್ದ ಭಟ್ಟರು

ಡೊಂಬಿವಲಿಯ ಪುಂಡರೀಕಾಕ್ಷ ಭಟ್ಟರು ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವರು. ಜೀವಮಾನವಿಡೀ ಬೇರೆಯವರ ಸಾಮಾನು ಕಾದವರಿಗೆ ನಿವೃತ್ತಿಯಾದ ಮೇಲೆ, 2014ರಲ್ಲಿ, ಸ್ವಂತ ಸಾಮಾನಿನ ಮೇಲೆ ದಂಡೆತ್ತಿ ಹೋಗುವ ಬುದ್ಧಿ ಬಂತು. ಸಾಮಾನು ಕಡಿಮೆಯಾದಷ್ಟೂ ಸುಖ ಹೆಚ್ಚೆಂದು ಟಿವಿಯಲ್ಲಿ ಯಾರೋ ಹೇಳಿದ್ದರಂತೆ. ಮೊದಲ ದಿನವೇ ಮಿಕ್ಸರಿನ ಹಳೆಯ ಜಾರುಗಳು ಉರುಳಿದವು. ಸೋಫಾ ಹೋರಾಡದೆ ಶರಣಾಯಿತು. ತಮಗೆ ನಾಲ್ಕೇ ಅಂಗಿ ಸಾಕೆಂದು ಘೋಷಿಸಿ ಉಳಿದವನ್ನು ಗಡೀಪಾರು ಮಾಡಿದರು. ಕೊನೆಗೆ ಉಳಿದ ಕೋಟೆಯೆಂದರೆ ಅಡುಗೆಮನೆಯ ಮೇಲಿನ ಅಟ್ಟ, ಈ ಊರಿನವರ ಬಾಯಲ್ಲಿ ಮಾಳಾ.

ಹೆಂಡತಿ ವನಮಾಲಾ ಭಜನೆಗೆ ಹೋದ ಮಧ್ಯಾಹ್ನ ಅದೂ ಬಿತ್ತು. ಹಳೆಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಭಾಂಡೇವಾಲಿ ಕೆಳಗೆ ಕೂಗುತ್ತಿದ್ದಳು. ಮಾಳಾದ ಬಟ್ಟೆಗಂಟು ಅವಳ ತಲೆಗೇರಿತು. ಬದಲಿಗೆ ಬಂದ ಡಬ್ಬಿಯನ್ನು, ಮನೆಗೆ ಹೊಸ ಸಾಮಾನು ಬರಕೂಡದೆಂದು, ವಾಚ್‌ಮನ್ ಪೂವಪ್ಪನಿಗೆ ದಾನ ಮಾಡಿದರು.

ಮರುದಿನ ಬೆಳಿಗ್ಗೆ ಘಣಸೋಲಿಯಿಂದ ಅಳಿಯ ಮನೀಶನ ಫೋನು: ಮಗಳು ಅನಘಳಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ. ವನಮಾಲಾ ಸ್ಟೂಲ್ ಹತ್ತಿ ಮಾಳಾಕ್ಕೆ ಕೈ ಹಾಕಿದರು. ಸಿಕ್ಕಿದ್ದು ಬರೀ ಗಾಳಿ.

“ಇಲ್ಲಿದ್ದ ಗಂಟು ಎಲ್ಲಿ?”

“ಹಳೆ ಚಿಂದಿ ಅಲ್ವಾ? ಭಾಂಡೇವಾಲಿಗೆ ಕೊಟ್ಟೆ.”

“ಅಯ್ಯೋ, ಅದರಲ್ಲಿ ನನ್ನ ಅಮ್ಮನ ಕೆಂಪಂಚಿನ ಸೀರೆ ಇತ್ತು ಮಾರಾಯ್ರೆ! ಕೂಸಿಗೆ ಸುತ್ತಲಿಕ್ಕೆ ಇಟ್ಟದ್ದು!”

“ಒಂದು ಹೊಸ ಟವೆಲ್ ತಕ್ಕೊಳ್ಳುವ.”

ವನಮಾಲಾ ಸ್ಟೂಲಿನಿಂದ ಇಳಿದರು. ಹುಟ್ಟಿದ ಕೂಸನ್ನು ಮೊದಲು ಸುತ್ತುವುದು ಮನೆಯ ಹಿರಿಯರು ಉಟ್ಟು ಮೆದುವಾದ ಹಳೆಬಟ್ಟೆಯಲ್ಲಿ. ಹಿಂದಿನ ಸಲ ಮನೀಶ ಸಂಭ್ರಮದಿಂದ ಹೊಸ ಬಟ್ಟೆಯನ್ನೇ ಮುಂಚಿತವಾಗಿ ತಂದಿಟ್ಟಿದ್ದ, ಕೂಸು ಉಳಿಯಲಿಲ್ಲ. ಈ ಸಲ ಹೊಸದೊಂದು ನೂಲೂ ಬೇಡವೆಂದು ಅನಘ ತಾಯಿಯ ಕೈ ಹಿಡಿದು ಕೇಳಿಕೊಂಡಿದ್ದಳು. ಭಟ್ಟರ ದಿಗ್ವಿಜಯದ ನಂತರ ಆ ಮನೆಯಲ್ಲಿ ಹಳೆಯದೆಂದು ಉಳಿದಿದ್ದವರು ಗಂಡಹೆಂಡತಿ ಮಾತ್ರ.

“ಸೀರೆ ಇಲ್ಲದೆ ಅವಳ ಎದುರು ಬರ್ಬೇಡಿ,” ಎಂದು ವನಮಾಲಾ ರಿಕ್ಷಾ ಹತ್ತಿದರು.

ಭಾಂಡೇವಾಲಿ ಮುಂಬ್ರಾದವಳೆಂದು ಪೂವಪ್ಪ ಹೇಳಿದ. ಭಟ್ಟರು ಹತ್ತಿದ ಲೋಕಲ್, ದಿವಾ ದಾಟಿ ಸಿಗ್ನಲಿಗೆ ನಿಂತುಬಿಟ್ಟಿತು. ಕಿಸೆಯಲ್ಲಿ ಫೋನು ನಡುಗಿತು. ಎತ್ತುವ ಧೈರ್ಯ ದಿಗ್ವಿಜಯಿಗೆ ಬರಲಿಲ್ಲ.

ಮುಂಬ್ರಾದಲ್ಲಿಳಿದು ಗುಡ್ಡದ ಬುಡದ ಓಣಿಗಳನ್ನೆಲ್ಲ ಸುತ್ತಿ ಕೊನೆಗೆ ಕಂಡರೆ, ಅವಳು ರಾಶಿಯ ಮಧ್ಯೆ ಕೂತು ಗ್ಯಾರೇಜುಗಳಿಗೆ ಒರೆಸುವ ಬಟ್ಟೆ ಹರಿಯುತ್ತಿದ್ದಳು. ಕೈಯಲ್ಲಿ ಕೆಂಪಂಚಿನ ಸೀರೆ. ಅರ್ಧ ಆಗಲೇ ಚೂರು.

“ರುಕೋ ಬಾಯಿ! ವೋ ಸಾಡಿ ವಾಪಸ್ ದೇವ್, ಮಗಳ ಡೆಲಿವರಿ ಉಂಟು!”

“ತೋ ಮೇರಾ ಡಬ್ಬಾ ವಾಪಸ್ ದೋ, ಕಾಕಾ.”

ಡಬ್ಬಿಯಲ್ಲಿ ಈ ಹೊತ್ತಿಗೆ ಪೂವಪ್ಪನ ಅನ್ನವಿತ್ತು. ಭಟ್ಟರು ಕೈ ಜೋಡಿಸಿದರು. ಅವಳ ಕಣ್ಣು ಅವರ ಇಸ್ತ್ರಿ ಅಂಗಿಯ ಮೇಲೆ ನಿಂತಿತು.

“ಯೇ ದೇ ದೋ,” ಎಂದು ಅದನ್ನೇ ಕೇಳಿದಳು.

ಥಾಣೆಯಲ್ಲಿ ಗಾಡಿ ಬದಲಿಸಿ, ಬರೀ ಬನಿಯನ್ನಿನಲ್ಲಿ, ಎದೆಗೆ ಅರ್ಧ ಸೀರೆ ಅವಚಿಕೊಂಡು ಬಂದವರನ್ನು ಆಸ್ಪತ್ರೆಯ ಸೆಕ್ಯೂರಿಟಿಯವನು ಬಾಗಿಲಲ್ಲೇ ತಡೆದ. ವನಮಾಲಾ ಓಡಿಬಂದು ಬಿಡಿಸಿದರು.

“ಫೋನ್ ಯಾಕೆ ಎತ್ತಲಿಲ್ಲ?”

“ಹೆದರಿಕೆ ಆಯ್ತು. ಅವಳು...?”

“ಇನ್ನೂ ಒಳಗೇ ಇದ್ದಾಳೆ. ಕೊಡಿ ಇಲ್ಲಿ.”

ಬಿಸಿನೀರಲ್ಲಿ ತೊಳೆದು ಹಿಂಡಿದ ಸೀರೆಯನ್ನು ಭಟ್ಟರು ಫ್ಯಾನಿನಡಿ ಎರಡೂ ಕೈ ಎತ್ತಿ ಹಿಡಿದು ನಿಂತರು, ಸೋತ ಸೈನ್ಯದ ಬಾವುಟದ ಹಾಗೆ. ಕೈ ಮರಗಟ್ಟಿತು. ಒಳಗಿನಿಂದ ಅನಘಳ ಕೂಗು. ಆಮೇಲೆ ಅದೂ ಇಲ್ಲ. ಮನೀಶ ಗೋಡೆಗೆ ಹಣೆ ಒತ್ತಿ ನಿಂತ. ಭಟ್ಟರು ಕೈ ಇಳಿಸಲಿಲ್ಲ.

ಅಂಚು ಒಣಗುತ್ತ ಬಂದಿತ್ತು. ಒಳಗೆ ಕೂಸಿನ ಸಣ್ಣ ಅಳು, ಹಿಂದೆಯೇ ಅದೇ ಜೋರಾಯಿತು.

ನರ್ಸು ಕೈ ಚಾಚಿದಳು. ವನಮಾಲಾ ಗಂಡನ ಕೈಯಿಂದ ಸೀರೆ ತೆಗೆದು ಕೊಟ್ಟು, ಅವರ ಬನಿಯನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಈಗ ನಿಮ್ಮ ವ್ರತ ಪೂರ್ತಿ ಆಯ್ತು ನೋಡಿ. ಮೈಮೇಲೂ ಎಂತದೂ ಉಳೀಲಿಲ್ಲ.”

ಭಟ್ಟರು ಎತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡರು. ಈಗಲೂ ಅವರಿಗೆ ಮೂರೇ ಅಂಗಿ. ಮಾಳಾದಲ್ಲಿ ಮಾತ್ರ ಅರ್ಧ ಸೀರೆಯ ಗಂಟೊಂದಿದೆ. ಭಾಂಡೇವಾಲಿ ಕೂಗಿದರೆ ಅವರು ಮೊದಲು ಹೋಗಿ ಕಿಟಕಿ ಮುಚ್ಚುತ್ತಾರೆ.