ಮೂಗು ಮೇಸ್ತ್ರಿ ಸೋಪಿನ ನೀರು ಕಲಸಿದ ದಿನ

ನನ್ನ ತಮ್ಮನ ಮೂಗಿನ ಮೇಲೆ ಊರವರಿಗೆ ಎಷ್ಟು ಹೆಮ್ಮೆಯಿತ್ತೋ ನನಗೆ ಅಷ್ಟೇ ಸಿಟ್ಟಿತ್ತು. ಗ್ಯಾಸ್ ಗೀಸರ್ ರಿಪೇರಿ ಮಾಡುವವರು ಊರಲ್ಲಿ ಹತ್ತು ಜನ ಇದ್ದಾರು, ಆದರೆ ಮೂಗು ಮೇಸ್ತ್ರಿ ಅಂದರೆ ಅವನೊಬ್ಬನೇ. ಹಿಂದೊಮ್ಮೆ ಒಬ್ಬ ಹೆಡ್‌ಮಿಸ್ ಮನೆಗೆ ನಲ್ಲಿ ಸರಿಮಾಡಲು ಹೋದವನು ಗೇಟಿನ ಹತ್ತಿರವೇ ನಿಂತು, "ಮೇಡಂ, ನಿಮ್ಮ ಸಿಲಿಂಡರ್ ಪೈಪು ಸೀಳಿದೆ" ಅಂದನಂತೆ. ಒಲೆಯ ಪಕ್ಕದಲ್ಲೇ ನಿಂತಿದ್ದ ಅವರಿಗೆ ಗೊತ್ತಾಗಿರಲಿಲ್ಲ. ಅವತ್ತಿನಿಂದ ಆ ಹೆಸರು ಬಿತ್ತು, ಹೆಸರಿನ ಜೊತೆ ಕೊಬ್ಬೂ ಬಂತು.

ಯಾರ ಮನೆಗೆ ಹೋದರೂ ಅವನದೊಂದು ವರಸೆ. ಚೀಲ ಕೆಳಗಿಡುವುದು, ಕಣ್ಣು ಮುಚ್ಚುವುದು, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಮೂರು ಸಲ ಉಸಿರೆಳೆಯುವುದು. ಮನೆಮಂದಿಯೆಲ್ಲ ಪಿಟ್ಟೆನ್ನದೆ ನಿಂತಿರುತ್ತಿದ್ದರು. ಆಮೇಲೆ ಕಣ್ಣು ಬಿಟ್ಟು "ಇದೆ" ಅನ್ನುತ್ತಿದ್ದ, ಇಲ್ಲವೇ "ಇಲ್ಲ" ಅನ್ನುತ್ತಿದ್ದ. ಅವನ "ಇಲ್ಲ" ಒಮ್ಮೆಯೂ ಸುಳ್ಳಾಗಿರಲಿಲ್ಲ, ಅದನ್ನು ಒಪ್ಪಲೇಬೇಕು.

ನಿಜವಾದ ಪರೀಕ್ಷೆ ಅದಲ್ಲ. ಸೋಪಿನ ನೀರನ್ನು ಪೈಪಿನ ಪ್ರತಿ ಜಾಯಿಂಟಿಗೂ ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು. ಗೀಸರಿನ ಜೊತೆ ಬರುವ ಪುಸ್ತಕದಲ್ಲೂ ಹಾಗೇ ಬರೆದಿದೆ. ಅವನ ಚೀಲದಲ್ಲಿ ಬಾಟ್ಲಿಯೂ ಇತ್ತು, ಸ್ಪಂಜೂ ಇತ್ತು. ಸ್ಪಂಜು ಒಣಗಿ ಕಲ್ಲಾಗಿತ್ತು. ಕೇಳಿದರೆ, "ಅಕ್ಕ, ಸೋಪು ಇರೋದು ಬಟ್ಟೆ ಒಗೆಯೋಕೆ" ಅನ್ನುತ್ತಿದ್ದ. ನಾನು ಅವನಿಗಿಂತ ಮೂರೇ ವರ್ಷ ದೊಡ್ಡವಳು, ಕಿವಿ ಹಿಂಡುವ ಹಕ್ಕು ಇನ್ನೂ ಇದೆ. ಆದರೆ ನಲವತ್ತೆಂಟು ವಯಸ್ಸಿನ ಗಂಡಸಿನ ಕಿವಿ ಎಷ್ಟು ಸಲ ಹಿಂಡುವುದು.

ಅವನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ದಿನಾ ಬೆಳಿಗ್ಗೆ ನಮ್ಮಲ್ಲಿಗೆ ಬಂದು ಕಾಫಿ ಕುಡಿದೇ ಕೆಲಸಕ್ಕೆ ಹೋಗುತ್ತಾನೆ. ಯಾರ ಮನೆಯ ಗೀಸರಿಗೆ ಯಾವಾಗ ಸರ್ವಿಸ್ ಆಗಬೇಕು, ಯಾರ ಮನೆಯ ರಬ್ಬರ್ ಪೈಪು ಹಳೆಯದಾಗಿದೆ ಎಂದು ಡೈರಿಯಲ್ಲಿ ಬರೆದಿಡುವುದು ನನ್ನ ಕೆಲಸ. ಅವನ ಅಕ್ಷರ ಅವನಿಗೇ ಓದಲು ಬರುವುದಿಲ್ಲ.

ಆ ದಿನ ಒಲೆಯ ಮೇಲೆ ಹಾಲಿಟ್ಟು, "ನೋಡ್ತಿರು" ಎಂದು ಅವನಿಗೆ ಹೇಳಿ, ಬಟ್ಟೆ ಒಣಹಾಕಲು ಮಹಡಿಗೆ ಹೋದೆ. ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲೇ ಸೀದ ವಾಸನೆ ಬಡಿಯಿತು. ಅಡುಗೆಮನೆಗೆ ಓಡಿದರೆ ಹಾಲು ಉಕ್ಕಿ, ತಳ ಹಿಡಿದು, ಪಾತ್ರೆ ಕಪ್ಪಾಗಿತ್ತು. ಇವನು ಒಲೆಯಿಂದ ಎರಡು ಮಾರು ದೂರದಲ್ಲಿ ಬೆನ್ನು ತಿರುಗಿಸಿ ಕೂತು ಪೇಪರ್ ಓದುತ್ತಿದ್ದ. ಬಾಯಿಗೆ ಬಂದಂತೆ ಬೈದೆ. ಅವನು ತಿರುಗಿ ಪಾತ್ರೆ ನೋಡಿದ. ಆಗ ಅವನ ಮುಖ ನೋಡಿ ನನ್ನ ಬೈಗುಳ ಅರ್ಧಕ್ಕೇ ನಿಂತಿತು. ಸೋಮಾರಿತನ ಸಿಕ್ಕಿಬಿದ್ದ ಮುಖವಲ್ಲ ಅದು, ಕಳ್ಳತನ ಸಿಕ್ಕಿಬಿದ್ದ ಮುಖ.

ಫಿನಾಯಿಲ್ ಬಾಟ್ಲಿ ತಂದು ಮುಚ್ಚಳ ತೆಗೆದು ಅವನ ಮೂಗಿನ ಹತ್ತಿರ ಹಿಡಿದೆ.

"ಏನಿದು, ಹೇಳು."

"ಫಿನಾಯಿಲ್."

"ಬಾಟ್ಲಿ ನೋಡಿ ಹೇಳ್ತೀಯ. ಕಣ್ಣು ಮುಚ್ಚು."

ಕಣ್ಣು ಮುಚ್ಚಿದ. ಫಿನಾಯಿಲ್ ಸರಿಸಿ ಹೆಚ್ಚಿದ ಈರುಳ್ಳಿ ಹಿಡಿದೆ. ಮೂರು ಸಲ ಉಸಿರೆಳೆದು, ಕಣ್ಣು ಮುಚ್ಚಿಕೊಂಡೇ, "ಇಲ್ಲ ಅಕ್ಕ, ಏನೂ ಬರ್ತಿಲ್ಲ" ಅಂದ.

ಆರು ವಾರದ ಹಿಂದೆ ಅವನಿಗೆ ಜ್ವರ ಬಂದಿತ್ತು. ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಗಿತ್ತು. ಹೆಂಡತಿಗೂ ಹೇಳಿರಲಿಲ್ಲ ಮಹಾರಾಯ.

"ಹಾಗಾದ್ರೆ ಈ ಆರು ವಾರ ಕೆಲಸ ಹೇಗೆ ಮಾಡ್ದೆ?"

"ಸೋಪಿನ ನೀರು ಹಾಕ್ತಿದ್ದೆ. ಜನ ಆಚೆ ಹೋದ ಮೇಲೆ, ಯಾರಿಗೂ ಕಾಣದ ಹಾಗೆ."

"ಎಲ್ಲಾ ಮನೇಲೂ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮೂಗು ಒರೆಸಿಕೊಂಡ.

"ನಿನ್ನೆ ಒಂದು ಕಡೆ ಹಾಕಲಿಲ್ಲ ಅಕ್ಕ. ಟೈಲರಮ್ಮನ ಮನೇಲಿ."

ಟೈಲರಮ್ಮನನ್ನು ನಾನೂ ಬಲ್ಲೆ. ಮಾರ್ಕೆಟ್ ಹಿಂದಿನ ಬೀದಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡಿದ್ದಾಳೆ, ಓದುವ ಮಗಳೊಬ್ಬಳಿದ್ದಾಳೆ. ನಿನ್ನೆ ಇವನು ಅಲ್ಲಿ ಹಳೆ ಪೈಪು ತೆಗೆದು ಹೊಸದು ಹಾಕಿದ್ದ, ವಾಷರ್ ಬದಲಾಯಿಸಿದ್ದ. ಬ್ಲೌಸ್ ಹೊಲಿಸಲು ಬಂದಿದ್ದ ನಾಲ್ವರು ಹೆಂಗಸರನ್ನು ಟೈಲರಮ್ಮ, "ಬನ್ನಿ, ನಮ್ಮ ಮೇಸ್ತ್ರಿ ಮೂಗಲ್ಲೇ ಹೇಗೆ ಹೇಳ್ತಾರೆ ನೋಡಿ" ಎಂದು ಕರೆದು ಬಾತ್‌ರೂಮಿನ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದಳಂತೆ. ಅಷ್ಟು ಜನರ ಮುಂದೆ ಬಾಟ್ಲಿ ತೆಗೆಯಲು ಇವನಿಗೆ ಮುಖವಿಲ್ಲ. ಕಣ್ಣು ಮುಚ್ಚಿದ, ಮೂರು ಸಲ ಉಸಿರೆಳೆದ, "ಇಲ್ಲ" ಅಂದುಬಿಟ್ಟ.

ಹೊಸ ಪೈಪು, ಹೊಸ ವಾಷರ್, ಪರೀಕ್ಷೆಯೇ ಇಲ್ಲ. ಅದೂ ಗೀಸರ್ ಇರುವುದು ಬಾತ್‌ರೂಮಿನೊಳಗೆ. ಒಳಗಿಡಬಾರದು ಎಂದು ಇವನಿಗೆ ಗೊತ್ತು. ಬಾಡಿಗೆ ಮನೆ, ಹಿಂದೆ ಇದ್ದವರು ಹಾಕಿಸಿದ್ದು, ವೆಂಟಿಲೇಟರ್ ದೊಡ್ಡದಿದೆಯಲ್ಲ ಎಂದು ಬಿಟ್ಟಿದ್ದ. ಫೋನ್ ಮಾಡಿದೆವು. ಟೈಲರಮ್ಮನ ಫೋನು ಯಾವಾಗಲೂ ಬಟ್ಟೆಯ ರಾಶಿಯೊಳಗೆ ಇರುತ್ತದೆ. ಎತ್ತಲಿಲ್ಲ.

"ಬಾಟ್ಲಿಗೆ ಸೋಪು ಕಲಸು. ಸ್ಕೂಟರ್ ತೆಗಿ. ನಾನೂ ಬರ್ತೀನಿ," ಎಂದೆ.

"ನೀನ್ಯಾಕಕ್ಕ?"

"ಅಲ್ಲಿ ಮತ್ತೆ ನಾಲ್ಕು ಜನ ಹೆಂಗಸರಿದ್ರೆ ನೀನು ಮತ್ತೆ ಮೂಗು ಎಳೀತೀಯ, ಅದಕ್ಕೆ."

ದಾರಿಯುದ್ದಕ್ಕೂ ಶಾಲೆಯ ವ್ಯಾನುಗಳು, ಹಾಲಿನ ಕ್ರೇಟು ಇಳಿಸುವ ಗಾಡಿಗಳು. ಪ್ರತಿಯೊಂದರ ಹಿಂದೆಯೂ ಟೈಲರಮ್ಮನ ಆ ಹುಡುಗಿಯ ಮುಖವೇ ಕಣ್ಣಿಗೆ ಕಟ್ಟುತ್ತಿತ್ತು. ಕಂಡ ದೇವರಿಗೆಲ್ಲ ಹರಕೆ ಹೊತ್ತೆ, ಮಧ್ಯೆ ಮಧ್ಯೆ ತಮ್ಮನ ಬೆನ್ನಿಗೆ ಗುದ್ದಿದೆ.

ಟೈಲರಮ್ಮನ ಮನೆ ಮುಟ್ಟಿದಾಗ ನಾನು ಕಾಲಿಂಗ್ ಬೆಲ್ಲಿಗೆ ಕೈ ಹಾಕಿದೆ. "ಬೆಲ್ ಒತ್ತಬೇಡ, ಕಿಡಿ," ಎಂದು ತಮ್ಮ ನನ್ನ ಕೈ ಹಿಡಿದೆಳೆದು, ಪಕ್ಕದ ಓಣಿಯಿಂದ ಹಿತ್ತಲಿಗೆ ಓಡಿದ. ಸಿಲಿಂಡರ್ ಅಲ್ಲಿತ್ತು. ಬಾತ್‌ರೂಮಿನಲ್ಲಿ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಒಂದೇ ಏಟಿಗೆ ರೆಗ್ಯುಲೇಟರ್ ತಿರುಗಿಸಿದ. ಒಂದು ನಿಮಿಷ ಕಳೆದಿರಬೇಕು, ಅದು ನನಗೆ ಒಂದು ವರ್ಷ.

"ಅಮ್ಮಾ, ನೀರು ತಣ್ಣಗಾಯ್ತು" ಎಂದು ಒಳಗಿನಿಂದ ಹುಡುಗಿ ಕಿರುಚಿದಳು.

ಸಂಗೀತ ಕಛೇರಿಯಲ್ಲೂ ಅಷ್ಟು ಇಂಪಾದ ದನಿ ಕೇಳಿಲ್ಲ ನಾನು.

ತಲೆಯ ತುಂಬ ಶಾಂಪೂ ನೊರೆಯಿಟ್ಟುಕೊಂಡು ಹುಡುಗಿ ಹೊರಬಂದಳು, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು ತಾಯಿ ಬಂದಳು. "ಏನು ಮೇಸ್ತ್ರಿ, ನಿನ್ನೆ ತಾನೆ ಸರಿಮಾಡಿ ಹೋದ್ರಲ್ಲ. ಅರ್ಧ ಸ್ನಾನದಲ್ಲಿ ಇದೇನು ನಿಮ್ಮ ಆಟ?"

"ಒಂದು ಸಲ ನೋಡ್ಬೇಕಿತ್ತು ಟೈಲರಮ್ಮ," ಎಂದಷ್ಟೇ ಹೇಳಿದ. ಬಾಟ್ಲಿ ತೆಗೆದ. ಗೀಸರ್ ಆರಿಸಿಯೇ ಇಟ್ಟು, ಸಿಲಿಂಡರ್ ತೆರೆದು, ರೆಗ್ಯುಲೇಟರಿಗೆ, ಪೈಪಿನ ಎರಡೂ ತುದಿಗೆ, ಗೀಸರಿನ ಕೆಳಗಿನ ನಟ್ಟಿಗೆ ಸ್ಪಂಜಿನಿಂದ ಸೋಪಿನ ನೀರು ಹಚ್ಚಿದ. ಹಚ್ಚಿ ಮಂಡಿಯೂರಿ ಕಾದ. ನಾನೂ ಸೊಂಟ ಬಗ್ಗಿಸಿ ಕಾದೆ. ನೊರೆ ಇದ್ದಲ್ಲೇ ಇತ್ತು. ಒಂದು ಗುಳ್ಳೆಯೂ ಉಬ್ಬಲಿಲ್ಲ. ಮೂಗು ಕೈಕೊಟ್ಟರೂ ಕೈ ಕೈಕೊಟ್ಟಿರಲಿಲ್ಲ. ನಟ್ಟು ಬಿಗಿಯಾಗಿಯೇ ಕೂತಿತ್ತು.

ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಒಂದು ಮಾತು ಒಪ್ಪಿಕೊಳ್ಳುತ್ತೇನೆ. ದಾರಿಯುದ್ದಕ್ಕೂ ಅವನ ಬೆನ್ನಿಗೆ ಗುದ್ದಿದವಳು ನಾನೇ ಮೆಲ್ಲಗೆ, "ಆಯ್ತಲ್ಲ, ಇನ್ನು ನಡಿ" ಅಂದೆ. ಮರ್ಯಾದೆ ಉಳಿಯಿತು, ಯಾರಿಗೂ ಗೊತ್ತಾಗಲಿಲ್ಲ, ಹೋಗೋಣ ಎಂಬ ಆಸೆ. ಅವನೂ ಚೀಲ ಹೆಗಲಿಗೇರಿಸಿದ.

ಅಷ್ಟರಲ್ಲಿ ಹುಡುಗಿ ಸ್ಟೂಲಿನ ಮೇಲೆ ಕುಸಿದು ಕೂತು ಹಣೆ ಹಿಡಿದುಕೊಂಡಳು.

"ಇವಳದ್ದು ದಿನಾ ಇದೇ ಕತೆ," ಎಂದಳು ತಾಯಿ. "ಸ್ನಾನ ಮಾಡಿ ಬಂದ್ರೆ ತಲೆ ಸುತ್ತು. ತಿನ್ನು ಅಂದ್ರೆ ತಿನ್ನಲ್ಲ, ಹೊಟ್ಟೆ ಖಾಲಿ ಇಟ್ಕೊಂಡ್ರೆ ಇನ್ನೇನಾಗುತ್ತೆ?"

"ಎಷ್ಟು ದಿನದಿಂದ?" ತಮ್ಮ ಕೇಳಿದ.

"ಒಂದು ವಾರ ಆಗಿರ್ಬೇಕು."

ಅವನು ಚೀಲ ಮತ್ತೆ ಕೆಳಗಿಟ್ಟ. ಬಾತ್‌ರೂಮಿಗೆ ಹೋಗಿ ಬಾಗಿಲು ಪೂರ್ತಿ ತೆರೆದಿಟ್ಟೇ ಗೀಸರ್ ಹೊತ್ತಿಸಿದ. ನೀಲಿಯಾಗಿರಬೇಕಾದ ಉರಿ ತುದಿಯಲ್ಲಿ ಹಳದಿಯಾಗಿ ಕುಣಿಯುತ್ತಿತ್ತು. ಆರಿಸಿದ. ಗೋಡೆ ನೋಡಿದ, ಮೂಲೆ ನೋಡಿದ, ತಲೆಯೆತ್ತಿ ಮೇಲೆ ನೋಡಿದ.

ವೆಂಟಿಲೇಟರ್ ಕಾಣಲಿಲ್ಲ. ಅದರ ಜಾಗದಲ್ಲಿ ಹೂವಿನ ಡಿಸೈನಿನ ಒಂದು ಕವರ್ ಇತ್ತು. ಒಳಗೆ ಸ್ಪಂಜು ತುಂಬಿ, ಅಂಚಿಗೆ ಕೆಂಪು ಬಟ್ಟೆಯ ಪೈಪಿಂಗ್ ಕೊಟ್ಟು, ಒಂದು ನೂಲಿನಷ್ಟೂ ಸಂದಿಲ್ಲದಂತೆ ಅಳತೆ ತೆಗೆದು ಹೊಲಿದು ಚೌಕಟ್ಟಿಗೆ ಬಿಗಿದಿತ್ತು.

"ಚೆನ್ನಾಗಿದೆ ಅಲ್ವಾ," ಎಂದಳು ಟೈಲರಮ್ಮ. "ತಣ್ಣನೆ ಗಾಳಿ ನುಗ್ತಿತ್ತು, ಇವಳಿಗೆ ಶೀತ ಆಗುತ್ತೆ. ಹೋದ ವಾರ ನಾನೇ ಹೊಲಿದೆ."

ತಮ್ಮ ಸ್ಟೂಲು ಹತ್ತಿ ಅದನ್ನು ಎರಡೂ ಕೈಯಲ್ಲಿ ಕಿತ್ತ. ಗಾಳಿ ಒಳಗೆ ನುಗ್ಗಿತು. ಕೆಳಗಿಳಿದು ಅವಳಿಗೆ ಬಿಡಿಸಿ ಹೇಳಿದ. ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ. ಆದರೆ ಮುಚ್ಚಿದ ಕೋಣೆಯಲ್ಲಿ ಉರಿ ಉರಿದಾಗ ಗಾಳಿ ಸಾಲದೆ ವಿಷವಾಗುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೊದಲು ತಲೆ ಸುತ್ತುತ್ತದೆ, ಆಮೇಲೆ ಮನುಷ್ಯ ಕೂತಲ್ಲೇ ಉಳಿದುಬಿಡುತ್ತಾನೆ.

"ನನ್ನ ಮೂಗು ಸರಿಯಿದ್ದಾಗ್ಲೂ ಇದು ನಂಗೆ ಗೊತ್ತಾಗ್ತಿರ್ಲಿಲ್ಲ," ಅಂದ.

"ಸರಿಯಿದ್ದಾಗ್ಲೂ ಅಂದ್ರೆ?"

ಆಗ ಹೇಳಿದ. ಜ್ವರ, ಆರು ವಾರ, ನಿನ್ನೆಯ ನಾಟಕ, ಒಂದನ್ನೂ ಬಚ್ಚಿಡಲಿಲ್ಲ. "ನಿನ್ನೆ ಕಣ್ಣು ತೆರೆದು ಮೇಲೆ ನೋಡಿದ್ರೆ ಈ ಕವರ್ ಕಾಣ್ತಿತ್ತು ಟೈಲರಮ್ಮ. ನಾನು ಪೈಪಿನ ಮೇಲೆ ಬಗ್ಗಿ ಕೂತಿದ್ದೆ, ಎದ್ದ ಮೇಲೆ ಕಣ್ಣು ಮುಚ್ಕೊಂಡು ನಿಂತಿದ್ದೆ. ತಪ್ಪಾಯ್ತು."

ಇನ್ನು ಇವನ ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡೆ. ಉಗಿದರೆ ತಪ್ಪೂ ಇರಲಿಲ್ಲ. ಆದರೆ ಅವಳು ಅವನ ಕೈಯಲ್ಲಿದ್ದ ಹೂವಿನ ಕವರನ್ನೇ ನೋಡುತ್ತ ಗೋಡೆಗೆ ಒರಗಿದಳು.

"ಮೇಸ್ತ್ರಿ," ಎಂದಳು. "ಇದನ್ನ ನೋಡಿದವರೆಲ್ಲ ನಮಗೂ ಬೇಕು ಅಂದ್ರು. ಏಳು ಮನೆಗೆ ಹೊಲಿದು ಕೊಟ್ಟಿದ್ದೀನಿ."

ಆಮೇಲೆ ಯಾರೂ ಯಾರನ್ನೂ ಬಯ್ಯಲಿಲ್ಲ, ಪುರುಸೊತ್ತೇ ಇರಲಿಲ್ಲ. ಟೈಲರಮ್ಮ ಅಳತೆ ಪುಸ್ತಕ ತಂದಳು. ಒಬ್ಬೊಬ್ಬರ ಎದೆ, ಸೊಂಟ, ತೋಳಿನ ಅಳತೆಯ ಪಕ್ಕ ಫೋನ್ ನಂಬರ್ ಬರೆದಿದ್ದಳು. ಹುಡುಗಿಯನ್ನು ನಾನು ಬೀದಿಯ ತುದಿಯ ಡಾಕ್ಟರಿಗೆ ತೋರಿಸುವುದು, ಅಲ್ಲೇ ಕೂತು ಎಲ್ಲರಿಗೂ ಫೋನ್ ಮಾಡಿ ಗೀಸರ್ ಹಚ್ಚಬೇಡಿ, ಕವರ್ ಕೀಳಿ ಎಂದು ಹೇಳುವುದು. ಮನೆಗಳು ಟೈಲರಮ್ಮನಿಗೇ ಗೊತ್ತಿದ್ದರಿಂದ ಅವಳೂ ತಮ್ಮನೂ ಸ್ಕೂಟರಿನಲ್ಲಿ ಮನೆಮನೆಗೆ ಹೋಗುವುದು. ಹಾಗೆ ಮಾತಾಯಿತು.

ಡಾಕ್ಟರು ಹುಡುಗಿಯ ಬೆರಳಿಗೆ ಕ್ಲಿಪ್ಪು ಹಾಕಿದರು, ರಕ್ತವನ್ನೂ ತೆಗೆದು ನೋಡಿದರು, ಮೂತಿಗೆ ಆಕ್ಸಿಜನ್ ಕಟ್ಟಿ ಮಲಗಿಸಿದರು. "ಏನೂ ಆಗಲ್ಲಮ್ಮ, ಸರಿಯಾದ ಹೊತ್ತಿಗೆ ಬಂದ್ರಿ" ಅಂದರು. ಹುಡುಗಿ ಆ ಮಾಸ್ಕಿನೊಳಗಿಂದಲೇ, "ಆಂಟಿ, ತಲೇಲಿ ಇನ್ನೂ ಶಾಂಪೂ ಇದೆ" ಅಂದಳು. "ಇರಲಿ ಸುಮ್ನಿರು" ಎಂದು ಗದರಿಸಿದೆ. ಗದರಿಸುವಷ್ಟು ನೆಮ್ಮದಿಯಾಗಿತ್ತು ನನಗೆ.

ಆರು ಮನೆಯವರು ಫೋನ್ ಎತ್ತಿದರು. ಒಬ್ಬಾಕೆ, ಅಷ್ಟು ಚಂದದ ಕವರ್ ಯಾಕೆ ಕೀಳಬೇಕು ಎಂದು ವಾದಕ್ಕೇ ನಿಂತಳು. ನನ್ನ ಬಾಯಿ ಅವಳಿಗೆ ಹೊಸತು, ಎರಡೇ ನಿಮಿಷದಲ್ಲಿ ಕಿತ್ತಳು. ಏಳನೆಯದು ಬಸ್ ಕಂಡಕ್ಟರ್ ಮನೆ. ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮೂರು ಸಲ, ನಾಲ್ಕು ಸಲ. ಗಂಡ, ಹೆಂಡತಿ, ಎರಡು ಮಕ್ಕಳು. ತಮ್ಮನಿಗೆ ಫೋನ್ ಮಾಡಿ, "ಮೊದಲು ಅಲ್ಲಿಗೇ ಹೋಗು" ಎಂದೆ. ಸ್ಕೂಟರ್ ತಿರುಗಿದ ಸದ್ದು ಕೇಳಿಸಿತು.

ಕಾಲು ಗಂಟೆ ಡಾಕ್ಟರ ಬೆಂಚಿನ ಮೇಲೆ ಕೂತಿದ್ದೆ. ನನ್ನ ತಮ್ಮನನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಅವನು ಗೆದ್ದಾಗೆಲ್ಲ ಕಾಲೆಳೆದಿದ್ದೇನೆ. ಅವತ್ತು ಅವನು ಸೋಲಬಾರದು ಎಂದು ಬೇಡಿಕೊಂಡಷ್ಟು ಯಾವತ್ತೂ ಬೇಡಿಕೊಂಡಿರಲಿಲ್ಲ.

ಫೋನ್ ಬಂತು.

"ಅಕ್ಕ, ಕಂಡಕ್ಟರ್‌ಗೆ ರಾತ್ರಿ ಡ್ಯೂಟಿ ಇತ್ತಂತೆ, ಮನೆಯವರೆಲ್ಲ ಫೋನ್ ಸೈಲೆಂಟ್‌ಗೆ ಹಾಕಿದ್ರಂತೆ. ಈಗಷ್ಟೇ ಎದ್ದು ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಬಾತ್‌ರೂಮ್ ಬಾಗಿಲಿಗೆ ಕೈ ಇಟ್ಟಿದ್ರು. ಕವರ್ ಕಿತ್ತೆ. ಸೋಪಿನ ನೀರೂ ಹಾಕಿ ನೋಡಿದೆ."

"ಹೆಂಡತಿ, ಮಕ್ಕಳು?"

"ಎಲ್ಲರೂ ಇದ್ದಾರೆ ಅಕ್ಕ," ಅಂದ. ಮತ್ತೆ ಅದನ್ನೇ ಅಂದ. "ಎಲ್ಲರೂ ಇದ್ದಾರೆ."

"ಸರಿ, ಉಳಿದ ಆರು ಮನೇಗೂ ಹೋಗಿ ಬಾ. ಕಣ್ಣು ಬಿಟ್ಕೊಂಡು ನೋಡು," ಎಂದು ಜೋರು ಮಾಡಿ ಫೋನ್ ಇಟ್ಟೆ. ಇಟ್ಟ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಆ ಹುಡುಗಿಯ ಕಾಲ ಬಳಿ ಕೂತು ಗಳಗಳನೆ ಅತ್ತೆ.